ಈಡು ಹಾರಿದ ಮೇಲೆ

ವಾಲ್ಮೀಕಿ ರಾಮಾಯಣದ ಅಯೋಧ್ಯಾಕಾಂಡದಲ್ಲಿ, ರಾಮನು ವನಕ್ಕೆ ತೆರಳಿದ ಆರನೆಯ ರಾತ್ರಿ, ಪುತ್ರವಿಯೋಗದಿಂದ ಕುಗ್ಗಿ ಮಲಗಿದ ದಶರಥನು ಕೌಸಲ್ಯೆಗೆ ತನ್ನ ಯೌವನಕಾಲದ ಒಂದು ಬೇಟೆಯ ವೃತ್ತಾಂತವನ್ನು ಹೇಳುತ್ತಾನೆ. ಮಳೆಗಾಲದ ಒಂದಿರುಳು, ಆನೆಯೋ ಕಾಡುಕೋಣವೋ ನೀರಿಗಿಳಿದೀತೆಂದು ಸರಯೂ ನದಿಯ ದಡದಲ್ಲಿ ಹೊಂಚಿ ನಿಂತಿದ್ದ ಯುವರಾಜನ ಕಿವಿಗೆ ಕೊಡದೊಳಗೆ ನೀರು ತುಂಬುವ ಸದ್ದು ಆನೆಯ ಧ್ವನಿಯಾಗಿ ಕೇಳಿಸಿತು. ಶಬ್ದವನ್ನನುಸರಿಸಿ ಬಾಣ ಬಿಡಬಲ್ಲವನೆಂಬ ಹೆಗ್ಗಳಿಕೆಯುಳ್ಳವನಿಗೆ ಕಣ್ಣಾರೆ ಕಂಡು ನಿಶ್ಚಯಿಸಿಕೊಳ್ಳಬೇಕೆಂಬ ಎಚ್ಚರ ಹುಟ್ಟಲಿಲ್ಲ. ಬಾಣ ಹೋಗಿ ನಾಟಿದ್ದು ಕುರುಡು ತಂದೆತಾಯಿಗಳಿಗಾಗಿ ನೀರು ತರಲು ಬಂದಿದ್ದ ತಾಪಸಕುಮಾರನಿಗೆ. ಈ ಕಥೆ ನಮ್ಮಲ್ಲಿ ಶ್ರವಣಕುಮಾರನ ಪಿತೃಭಕ್ತಿಯ ಕಥೆಯೆಂದೇ ಪ್ರಸಿದ್ಧವಾಗಿದೆ. ಅದನ್ನು ಬೇಟೆಗಾರನ ಕಡೆಯಿಂದ ಓದುವವರು ಕಡಮೆ. ಸುತ್ತ ಯಾರೂ ಇಲ್ಲದ ಕತ್ತಲು. ಹುಡುಗನ ಪ್ರಾಣ ಹೋಗಿದೆ. ಅವನ ಹೆತ್ತವರಿಗೆ ಕಣ್ಣಿಲ್ಲ. ಸುಮ್ಮನೆ ಅಯೋಧ್ಯೆಯ ದಾರಿ ಹಿಡಿದಿದ್ದರೆ ಯುವರಾಜನನ್ನು ಕೇಳುವವರೇ ಇರಲಿಲ್ಲ. ದಶರಥನು ಹಾಗೆ ಮಾಡದೆ, ಆ ಕೊಡದಲ್ಲೇ ನೀರು ತುಂಬಿಕೊಂಡು ಆಶ್ರಮದವರೆಗೆ ನಡೆದು, ಹೆಜ್ಜೆಯ ಸಪ್ಪಳ ಮಗನದೆಂದು ಬಗೆದು ಮಾತಾಡಿಸಿದ ಮುದುಕನಿಗೆ, ತಾನು ಅವನ ಮಗನಲ್ಲವೆಂದೂ ದಶರಥನೆಂಬ ಕ್ಷತ್ರಿಯನೆಂದೂ ನಡೆದುದು ಇಂಥದೆಂದೂ ತಾನಾಗಿಯೇ ಹೇಳಿದನು. ಶಾಪವೇನೋ ತಪ್ಪಲಿಲ್ಲ, ಆದರೆ ಇದನ್ನು ನೀನೇ ಬಂದು ಹೇಳದೆ ಹೋಗಿದ್ದರೆ ನಿನ್ನ ತಲೆ ಒಡೆದು ನೂರುಸಾವಿರ ಹೋಳಾಗುತ್ತಿತ್ತೆಂಬ ಅರ್ಥದ ಒಂದು ಮಾತನ್ನು ಕವಿಯು ಆ ಮುನಿಯ ಬಾಯಲ್ಲಿಟ್ಟಿದ್ದಾನೆ.

ಇದರ ಪಕ್ಕದಲ್ಲಿ ಮಹಾಭಾರತದ ಪಾಂಡುರಾಜನನ್ನು ನಿಲ್ಲಿಸಿ ನೋಡಬೇಕು. ಜಿಂಕೆಯ ರೂಪದಲ್ಲಿ ಮಡದಿಯೊಡನೆ ಕೂಡಿದ್ದ ಕಿಂದಮ ಮುನಿಗೆ ಬಾಣ ಹೊಡೆದ ಆತ, ಸಾಯುತ್ತಿರುವವನೊಡನೆ ವಾದಕ್ಕೆ ನಿಲ್ಲುತ್ತಾನೆ. ಮೃಗಗಳನ್ನು ಕೊಲ್ಲುವುದು ಅರಸರಿಗೆ ಧರ್ಮಸಮ್ಮತವೆನ್ನುತ್ತಾನೆ, ಅಗಸ್ತ್ಯರ ಪೂರ್ವನಿದರ್ಶನವನ್ನು ಎತ್ತುತ್ತಾನೆ. ಮುನಿಯ ಆಕ್ಷೇಪವಾದರೋ ಕೊಂದುದಕ್ಕಲ್ಲ, ಕೊಂದ ಹೊತ್ತಿಗೆ. ಇಬ್ಬರೂ ದೊರೆಗಳೇ, ಇಬ್ಬರೂ ಶಾಪಗ್ರಸ್ತರೇ. ಒಬ್ಬನು ಕೊಡ ಹೊತ್ತು ನಡೆದನು, ಇನ್ನೊಬ್ಬನು ನ್ಯಾಯಶಾಸ್ತ್ರ ಹೇಳಿದನು. ದೊಡ್ಡ ಪ್ರಾಣಿಗಳ ಬೇಟೆಯಲ್ಲಿ ನಡೆಯುವ ತಪ್ಪುಗಳ ವಿಚಾರವಾಗಿ ಮುಂದಿನ ಕಾಲದಲ್ಲಿ ಬೇಟೆಗಾರರು ಬರೆದುದನ್ನೂ, ದೇಶದೇಶಗಳ ಸರ್ಕಾರಗಳು ವಿಧಿಸಿದ ನಿಯಮಗಳನ್ನೂ ಓದುತ್ತ ಹೋದರೆ, ಇವೆರಡು ಮಾದರಿಗಳೇ ವೇಷ ಬದಲಿಸಿ ಬರುತ್ತಿರುವಂತೆ ತೋರುತ್ತದೆ.

ಬೇಟೆಯೇ ಒಂದು ತಪ್ಪಲ್ಲವೆ, ಅದರೊಳಗಿನ ತಪ್ಪುಗಳ ವಿವೇಚನೆ ಏತಕ್ಕೆ ಎಂದು ಕೇಳುವವರಿದ್ದಾರೆ. ಮೃಗಯೆಯನ್ನು ಅರಸರ ವ್ಯಸನಗಳ ಪಟ್ಟಿಯಲ್ಲಿ ಸೇರಿಸಿದ ನಮ್ಮ ಧರ್ಮಶಾಸ್ತ್ರಕಾರರೂ ಬಹುಶಃ ಅವರ ಪಕ್ಷವೇ. ಆ ಪ್ರಶ್ನೆಯನ್ನು ನಾನು ತಳ್ಳಿಹಾಕುವುದಿಲ್ಲ. ಆದರೆ ಲಕ್ಷಾಂತರ ಜನ ಇಂದಿಗೂ ಕಾನೂನುಬದ್ಧವಾಗಿ ದೊಡ್ಡ ಮೃಗಗಳನ್ನು ಬೇಟೆಯಾಡುವ ದೇಶಗಳು ಇರುವವರೆಗೆ, ನರಭಕ್ಷಕವೆಂದು ಘೋಷಿತವಾದ ಹುಲಿಯ ಮೇಲೆ ಸರ್ಕಾರವೇ ಬಂದೂಕಿನವರನ್ನು ಕಳುಹಿಸುವ ಪ್ರಸಂಗ ನಮ್ಮಲ್ಲೂ ಇರುವವರೆಗೆ, ಈಡು ಹಾರಿದ ಮೇಲೆ ಹೊಡೆದವನ ಕರ್ತವ್ಯವೇನೆಂಬುದು ಕೇಳಲೇಬೇಕಾದ ಪ್ರಶ್ನೆಯಾಗಿ ಉಳಿಯುತ್ತದೆ.

ಬೇಟೆಯ ಪರಿಚಯವಿಲ್ಲದವರು ಸಾಮಾನ್ಯವಾಗಿ ಗುಂಡು ತಾಗಿದರೆ ಪ್ರಾಣಿ ಬಿದ್ದಿತು, ತಾಗದಿದ್ದರೆ ಓಡಿತು ಎಂದಷ್ಟೇ ತಿಳಿದಿರುತ್ತಾರೆ. ವಾಸ್ತವದಲ್ಲಿ ಕಷ್ಟವೆಲ್ಲ ಇರುವುದು ಇವೆರಡರ ನಡುವೆ. ಕಡವೆಯಂಥ ದೊಡ್ಡ ಮೃಗದ ದೇಹದಲ್ಲಿಯೂ ಹೃದಯ ಶ್ವಾಸಕೋಶಗಳಿರುವ ಜಾಗ, ಮುಂಗಾಲಿನ ಹಿಂಬದಿಯಲ್ಲಿ, ಒಂದು ಊಟದ ತಟ್ಟೆಯಗಲಕ್ಕಿಂತ ಹೆಚ್ಚಿರುವುದಿಲ್ಲ. ಅಲ್ಲಿ ತಾಗಿದ ಪ್ರಾಣಿ ನೂರಿನ್ನೂರು ಗಜದೊಳಗೆ ಬಿದ್ದುಬಿಡುತ್ತದೆ; ಒಂದು ಗೇಣು ಹಿಂದಕ್ಕೆ ಸರಿದು ಹೊಟ್ಟೆಗೆ ತಾಗಿದರೆ ಅದು ಗಂಟೆಗಟ್ಟಲೆ, ಕೆಲವೊಮ್ಮೆ ದಿನಗಟ್ಟಲೆ, ನೋವು ಹೊತ್ತು ತಿರುಗುತ್ತದೆ. ಆದುದರಿಂದ ಅನುಭವಿಯಾದ ಬೇಟೆಗಾರನು ಈಡು ಹಾರಿದ ಕೂಡಲೆ ಓಡಿಹೋಗಿ ಹಳು ನುಗ್ಗುವುದಿಲ್ಲ. ಪ್ರಾಣಿ ನಿಂತಿದ್ದ ಜಾಗವನ್ನು ಮೊದಲು ಗುರುತಿಟ್ಟುಕೊಂಡು, ಅಲ್ಲಿ ಕುಕ್ಕರಿಸಿ ಕುಳಿತು, ತರಗೆಲೆಗಳ ಮೇಲೆ ಬಿದ್ದ ತೊಟ್ಟುಗಳನ್ನು ಪರೀಕ್ಷಿಸುತ್ತಾನೆ. ರಕ್ತ ತಿಳಿಗೆಂಪಾಗಿ ಸಣ್ಣ ಗುಳ್ಳೆಗಳಿಂದ ನೊರೆಗಟ್ಟಿದ್ದರೆ ಪೆಟ್ಟು ಶ್ವಾಸಕೋಶಕ್ಕೆ ಬಿದ್ದಿದೆ, ಹೆಚ್ಚು ದೂರ ಹುಡುಕಬೇಕಾಗಿಲ್ಲ. ಕಪ್ಪುಗೆಂಪಾಗಿದ್ದರೆ ಯಕೃತ್ತಿಗೆ ತಾಗಿರಬಹುದು, ಬರಿಯ ಮಾಂಸಖಂಡಕ್ಕೂ ತಾಗಿರಬಹುದು. ರಕ್ತ ಅತ್ಯಲ್ಪವಾಗಿದ್ದು ಅದರೊಡನೆ ಹಸುರು ನೀರೂ ಅರೆಜೀರ್ಣವಾದ ಹುಲ್ಲಿನ ಚೂರುಗಳೂ ದುರ್ವಾಸನೆಯೂ ಕೂಡಿದ್ದರೆ, ಆಗ ಅವನ ಎದೆ ಕುಸಿಯುತ್ತದೆ. ಏಕೆಂದರೆ ಹೊಟ್ಟೆಗೆ ತಾಗಿದ ಮೃಗವನ್ನು ತಕ್ಷಣ ಬೆನ್ನಟ್ಟಿದರೆ ಅದು ಮೈಲಿಗಟ್ಟಲೆ ಹೋಗುತ್ತದೆ, ಕೆಲವು ಗಂಟೆ ಬಿಟ್ಟರೆ ಹತ್ತಿರದಲ್ಲೇ ಎಲ್ಲಾದರೂ ಮಲಗೀತು. ಕಾಯುವುದೂ ಕ್ರೌರ್ಯ, ಕಾಯದಿರುವುದು ಅದಕ್ಕಿಂತ ಕ್ರೌರ್ಯ. ಅಷ್ಟರಲ್ಲಿ ಮಳೆ ಬಂದರೆ ಜಾಡು ತೊಳೆದುಹೋಗುತ್ತದೆ, ಸಂಜೆಯಾದರೆ ಕಣ್ಣು ಕಾಣದು. ಮೃಗವು ಹುಲಿಯೋ ಚಿರತೆಯೋ ಕಾಟಿಯೋ ಆಗಿದ್ದರೆ, ಹಳುವಿನೊಳಗೆ ಕಾದಿರುವುದು ಯಾವುದೆಂಬುದನ್ನೂ ನೆನಪಿಡಬೇಕು. ಬೇಟೆಯಲ್ಲಿ ಹೊಣೆ ಹೊರುವುದೆಂದರೆ ಮೊದಲ ಅರ್ಥದಲ್ಲಿ ಇಷ್ಟೆ: ಮನೆಗೆ ಹೋಗಬೇಕೆನಿಸುವ ಹೊತ್ತಿನಲ್ಲಿ ಆ ಜಾಡಿನ ಹಿಂದೆ ಹೋಗುವುದು.

ಹಾಗೆ ಹೋಗದೆ ಉಳಿದವರ ತಪ್ಪಿನ ಫಲವನ್ನು ಉಂಡವರು ಯಾರೆಂಬುದನ್ನು ಜಿಮ್ ಕಾರ್ಬೆಟ್ಟನಷ್ಟು ಸ್ಪಷ್ಟವಾಗಿ ಬರೆದಿಟ್ಟವರು ವಿರಳ. 1875ರಲ್ಲಿ ನೈನಿತಾಲಿನಲ್ಲಿ ಹುಟ್ಟಿ, ಕುಮಾವೂನ್ ಗಢವಾಲ ಸೀಮೆಗಳ ನರಭಕ್ಷಕಗಳನ್ನು ಸುಮಾರು ಮೂವತ್ತು ವರ್ಷಗಳ ಕಾಲ ಬೆನ್ನಟ್ಟಿದ ಈತ, 1944ರಲ್ಲಿ ಪ್ರಕಟವಾದ ತನ್ನ ಮೊದಲ ಪ್ರಸಿದ್ಧ ಗ್ರಂಥದ ಪ್ರಾರಂಭದಲ್ಲಿಯೇ, ಹುಲಿಯು ನರಭಕ್ಷಕವಾಗುವುದು ಹತ್ತರಲ್ಲಿ ಒಂಬತ್ತು ಪಾಲು ಗಾಯದಿಂದ, ಉಳಿದ ಒಂದು ಪಾಲು ಮುಪ್ಪಿನಿಂದ ಎಂಬ ತನ್ನ ಅಭಿಪ್ರಾಯವನ್ನು ಮುಂದಿಟ್ಟನು. ಆ ಗಾಯಗಳಲ್ಲಿ ಕೆಲವು ಮುಳ್ಳುಹಂದಿಯ ಮುಳ್ಳಿನಿಂದಾದವು. ಕೆಲವು ಅಜಾಗರೂಕತೆಯಿಂದ ಗುಂಡು ಹಾರಿಸಿ, ಗಾಯಗೊಂಡ ಹುಲಿಯನ್ನು ಹಿಂಬಾಲಿಸಿ ಹುಡುಕದೆ ಬಿಟ್ಟವರಿಂದಾದವು. 1907ರಲ್ಲಿ ಅವನು ಕೊಂದ ಚಂಪಾವತದ ಹೆಣ್ಣುಹುಲಿ ನೇಪಾಳದಲ್ಲೂ ಕುಮಾವೂನಿನಲ್ಲೂ ಸೇರಿ 436 ಜನರನ್ನು ಬಲಿ ತೆಗೆದುಕೊಂಡಿತ್ತೆಂದು ಲೆಕ್ಕ. ಅದರ ಬಾಯನ್ನು ತೆರೆದು ನೋಡಿದಾಗ ಬಲಗಡೆಯ ಮೇಲಿನ ಕೋರೆ ಅರ್ಧಕ್ಕೆ ಮುರಿದಿತ್ತು, ಕೆಳಗಿನದು ಬುಡಸಹಿತ ಹೋಗಿತ್ತು. ಯಾವುದೋ ಕಾಲದ ಒಂದು ಗುಂಡೇಟು. ಆ ಗುಂಡನ್ನು ಹಾರಿಸಿದವನು ಯಾರೋ, ಆ ದಿನ ಮನೆಗೆ ಹೋಗಿ ಏನು ಹೇಳಿದನೋ. ನಾಲ್ಕುನೂರಕ್ಕೂ ಮಿಕ್ಕಿದ ಸಾವುಗಳ ಮೂಲದಲ್ಲಿ ಒಬ್ಬ ಹೆಸರಿಲ್ಲದ ಬೇಟೆಗಾರನಿದ್ದಾನೆ, ಅವನಿಗೆ ಅದರ ಅರಿವೇ ಇಲ್ಲ.

ಇದೇ ಚಂಪಾವತದ ಕಾರ್ಯಕ್ಕೆ ಒಪ್ಪಿಕೊಳ್ಳುವಾಗ ಕಾರ್ಬೆಟ್ ಸರ್ಕಾರಕ್ಕೆ ಎರಡು ಷರತ್ತು ಹಾಕಿದ್ದನು: ಹುಲಿಯ ತಲೆಗೆ ಕಟ್ಟಿದ ಬಹುಮಾನವನ್ನು ರದ್ದುಮಾಡಬೇಕು, ಕಾಡಿನಲ್ಲಿರುವ ಇತರ ಬಂದೂಕಿನವರನ್ನು ಹಿಂದಕ್ಕೆ ಕರೆಸಬೇಕು. ಬಹುಮಾನದ ಆಸೆಗೆ ಬಂದವನೆನಿಸಿಕೊಳ್ಳಲು ಅವನಿಗೆ ಇಷ್ಟವಿರಲಿಲ್ಲ. ಬೇರೆಯವರ ಗುಂಡಿಗೆ ತಾನು ಬಲಿಯಾಗಲೂ ಇಷ್ಟವಿರಲಿಲ್ಲ. ತಪ್ಪುಗಳು ಎಲ್ಲಿ ಹುಟ್ಟುತ್ತವೆಂಬುದನ್ನು ಬಲ್ಲವನ ಷರತ್ತುಗಳಿವು.

ಆದರೂ ತಪ್ಪು ಅವನನ್ನು ಬಿಡಲಿಲ್ಲ. ಕುಮಾವೂನಿನ ಪೂರ್ವಭಾಗದ ಕಾಲಾ ಆಗರ್ ಬೆಟ್ಟದ ಸಾಲಿನಲ್ಲಿ, ಚೌಗಢದ ಹುಲಿಗಳೆಂದು ಹೆಸರಾದ ಒಂದು ಹೆಣ್ಣುಹುಲಿಯೂ ಅದರ ಬೆಳೆದ ಮರಿಯೂ 1925ರ ಡಿಸೆಂಬರಿನಿಂದ ಜನರನ್ನು ಹಿಡಿಯತೊಡಗಿದ್ದವು. 1929ರ ಏಪ್ರಿಲಿನಲ್ಲಿ ಕಾರ್ಬೆಟ್ ದಲ್ಕಾನಿಯಾ ಎಂಬ ಹಳ್ಳಿಗೆ ಬಂದು ಹುಡುಕಾಟ ಪ್ರಾರಂಭಿಸಿದನು. ಒಂದು ದಿನ, ಕೊಂದ ದನದ ಬಳಿಯಲ್ಲಿ ಎರಡು ಹುಲಿಗಳು ಒಟ್ಟಿಗೆ ಅವನಿಗೆ ಕಾಣಿಸಿಕೊಂಡವು. ಮರಿಯೆಂದರೆ ಅದು ಗಾತ್ರದಲ್ಲಿ ತಾಯಿಗೆ ಸರಿಗಟ್ಟುವಷ್ಟು ಬೆಳೆದಿತ್ತು. ಹಾಗಾಗಿ ಯಾವುದು ತಾಯಿ, ಯಾವುದು ಮರಿ ಎಂಬುದನ್ನು ಆ ದೂರದಿಂದ ಬಣ್ಣವನ್ನು ನೋಡಿಯೇ ತೀರ್ಮಾನಿಸಬೇಕಾಗಿತ್ತು. ಒಂದರ ಮೈಬಣ್ಣ ಇನ್ನೊಂದಕ್ಕಿಂತ ಪೇಲವವಾಗಿತ್ತು. ವಯಸ್ಸಾದ ಹುಲಿಯ ಬಣ್ಣ ಮಾಸುವುದುಂಟೆಂದು ಬಲ್ಲ ಅವನು, ಅದೇ ತಾಯಿಯಿರಬೇಕೆಂದು ತರ್ಕಿಸಿ, ಜಾಗರೂಕತೆಯಿಂದ ಗುರಿಯಿಟ್ಟು ಹೊಡೆದನು. ಗುರಿ ತಪ್ಪಲಿಲ್ಲ, ಹುಲಿ ಬಿದ್ದಿತು, ಇನ್ನೊಂದು ನೆಗೆದು ಮರೆಯಾಯಿತು. ಹತ್ತಿರ ಹೋಗಿ ನೋಡಿದರೆ ಸತ್ತದ್ದು ಮರಿ.

ಈ ಪ್ರಮಾದವು ಮುಂದಿನ ಹನ್ನೆರಡು ತಿಂಗಳಲ್ಲಿ ಆ ಸೀಮೆಯ ಹದಿನೈದು ಜನರ ಪ್ರಾಣವನ್ನು ತೆಗೆದುಕೊಂಡಿತೆಂದು ಅವನೇ ಬರೆಯುತ್ತಾನೆ. ಹುಲಿ ತೆಗೆದುಕೊಂಡಿತೆಂದಲ್ಲ, ಪ್ರಮಾದ ತೆಗೆದುಕೊಂಡಿತೆಂದು. ಅವನಿಗೆ ಸಮಾಧಾನಗಳ ಕೊರತೆಯಿರಲಿಲ್ಲ. ಮರಿಯೂ ನರಭಕ್ಷಣೆಯಲ್ಲಿ ಪಾಲುಗೊಂಡದ್ದೇ, ಅದನ್ನು ಕೊಂದದ್ದೂ ಒಂದು ಉಪಕಾರವೇ ಎನ್ನಬಹುದಿತ್ತು. ಅಷ್ಟು ದೂರದಿಂದ ಎರಡು ಸಮಾನಗಾತ್ರದ ಹುಲಿಗಳನ್ನು ಯಾರಿಗೆ ತಾನೆ ಬೇರ್ಪಡಿಸಲಾದೀತು ಎನ್ನಬಹುದಿತ್ತು. ತಾನು ಬರುವ ಮೊದಲು ಸತ್ತವರ ಸಂಖ್ಯೆಯನ್ನು ಮುಂದಿಟ್ಟು ಹದಿನೈದನ್ನು ಅದರಲ್ಲಿ ಮುಳುಗಿಸಬಹುದಿತ್ತು. ಯಾವುದನ್ನೂ ಅವನು ಮಾಡಲಿಲ್ಲ. ಇಷ್ಟು ಮಾತ್ರ ನೆನಪಿಡಬೇಕು: ಈ ಬರಹ ಅಚ್ಚಾದದ್ದು ಘಟನೆಯಾಗಿ ಹದಿನೈದು ವರ್ಷಗಳ ಅನಂತರ, ಹುಲಿಯೂ ಸತ್ತು, ಅವನ ಕೀರ್ತಿಯೂ ನೆಲೆಗೊಂಡಾದ ಮೇಲೆ. ಹದಿನೈದು ಮನೆಗಳವರು ಆ ವಿಷಯವಾಗಿ ಏನೆಂದುಕೊಂಡರೆಂಬುದು ಯಾವ ಪುಸ್ತಕದಲ್ಲಿಯೂ ಇಲ್ಲ. ಹೊಣೆ ಹೊತ್ತವನ ಮಾತು ನಮಗೆ ಸಿಕ್ಕಿದೆ, ನಷ್ಟ ಹೊತ್ತವರದು ಸಿಕ್ಕಿಲ್ಲ.

ಮಾತಿಗಿಂತ ಹೆಚ್ಚಾಗಿ ನನ್ನನ್ನು ತಡೆದು ನಿಲ್ಲಿಸುವುದು ಅವನು ಮತ್ತೆ ಅಲ್ಲಿಗೆ ಹೋದನೆಂಬ ಸಂಗತಿ. 1930ರ ವಸಂತದಲ್ಲಿ ಅವನು ಕಾಲಾ ಆಗರಿಗೆ ಹಿಂದಿರುಗಿ, ಅದೇ ಹೆಣ್ಣುಹುಲಿಯ ಹಿಂದೆ ಬಿದ್ದನು. ಏಪ್ರಿಲ್ 11ರಂದು ಅದು ಸತ್ತ ರೀತಿ ಬೇಟೆಯ ಸಾಹಿತ್ಯದಲ್ಲಿಯೇ ವಿಚಿತ್ರವಾದದ್ದು: ದಾರಿಯಲ್ಲಿ ಕಂಡ ಹಕ್ಕಿಯೊಂದರ ಎರಡು ಮೊಟ್ಟೆಗಳನ್ನು ಎಡಗೈಯಲ್ಲಿ ಹಿಡಿದುಕೊಂಡು ಹಳ್ಳದ ಬಂಡೆಯ ಮಗ್ಗುಲನ್ನು ದಾಟಿ ತಿರುಗಿದಾಗ, ಕೆಲವೇ ಅಡಿಗಳಲ್ಲಿ ಹುಲಿ ಮಲಗಿತ್ತು, ಅದು ಬೆದರಿ ಎರಗದಂತೆ ಒಂದೇ ಕೈಯಲ್ಲಿ ಬಂದೂಕನ್ನು ತೀರ ನಿಧಾನವಾಗಿ ತಿರುಗಿಸಿ ಹೊಡೆಯಬೇಕಾಯಿತು. ಆ ವೇಳೆಗೆ ಸತ್ತವರ ಒಟ್ಟು ಲೆಕ್ಕ 64 ಆಗಿತ್ತು. ಹುಲಿಯ ದೇಹವನ್ನು ಪರೀಕ್ಷಿಸಿದಾಗ ಉಗುರುಗಳು ಮುರಿದು ಸಿಬಿರೆದ್ದಿದ್ದವು, ಒಂದು ಕೋರೆ ಮುರಿದಿತ್ತು, ಮುಂದಿನ ಹಲ್ಲುಗಳು ಸವೆದುಹೋಗಿದ್ದವು. ಬೇಟೆಗೆ ಅದು ಮರಿಯ ಬಲವನ್ನೇ ನಂಬಿತ್ತೆಂಬುದು ಆಗ ತಿಳಿಯಿತು. ತಾನು ತಪ್ಪಿ ಮರಿಯನ್ನು ಕೊಂದ ಅನಂತರ, ಹುಲಿಯ ಕೈಗೆ ಸಿಕ್ಕ ಎಷ್ಟೋ ಜನರು ಒಮ್ಮೆಗೇ ಸಾಯದೆ ಛಿದ್ರಛಿದ್ರವಾಗಿ ಉಳಿದರೇಕೆಂಬುದಕ್ಕೆ ಕಾರಣ ಇದೆಂದು ಕಾರ್ಬೆಟ್ ಸತ್ತ ಹುಲಿಯ ಪಕ್ಕದಲ್ಲಿಯೇ ದಾಖಲಿಸುತ್ತಾನೆ. ವಿಜಯದ ಪುಟದಲ್ಲಿಯೂ ತಪ್ಪಿನ ಎರಡನೆಯ ಕಂತನ್ನು ಬರೆಯಲು ಅವನು ಮರೆಯಲಿಲ್ಲ. ಸ್ತುತಿಗಿಂತ ಈ ವಾಕ್ಯಕ್ಕಾಗಿ ಅವನನ್ನು ಓದಬೇಕೆಂದು ನನಗೆ ಅನ್ನಿಸುತ್ತದೆ.

ತಪ್ಪು ಒಬ್ಬನದೇ ಆಗಿರಬೇಕೆಂದೇನೂ ಇಲ್ಲ. 1918ರಿಂದ 1926ರವರೆಗೆ ಗಢವಾಲದಲ್ಲಿ 125 ಜನರನ್ನು ಕೊಂದ ರುದ್ರಪ್ರಯಾಗದ ಚಿರತೆಯ ಪ್ರಕರಣದಲ್ಲಿ, 1921ನೆಯ ಇಸವಿಯಲ್ಲಿಯೇ ಎರಡು ಸಲ ಕೈಗೆ ಬಂದದ್ದು ಹೋಗಿತ್ತು. ಒಮ್ಮೆ ಇಬ್ಬರು ತರುಣ ಸೇನಾಧಿಕಾರಿಗಳು ತೂಗುಸೇತುವೆಯ ಗೋಪುರಗಳ ಮೇಲೆ ಹಲವು ವಾರ ಕಾದು, ಬಂದ ಚಿರತೆಯ ಮೇಲೆ ಗುಂಡು ಹಾರಿಸಿ ಪಾದಕ್ಕೆ ಮಾತ್ರ ಗಾಯಮಾಡಿದರು. ಇನ್ನೊಮ್ಮೆ ಚಿರತೆ ಗುಹೆಯೊಂದರಲ್ಲಿ ಸಿಕ್ಕಿಬಿದ್ದು, ಜನರು ಬಾಗಿಲಿಗೆ ಮುಳ್ಳುಕಂಟಿ ಜಡಿದು ದಿನಗಟ್ಟಲೆ ಕಾವಲಿದ್ದಾಗ, ದೊಡ್ಡ ಮನುಷ್ಯನೊಬ್ಬನು ಬಂದು ಒಳಗೇನೂ ಇಲ್ಲವೆಂದು ಕಂಟಿಯನ್ನು ತೆಗೆದುಹಾಕಿದನು. ಚಿರತೆ ನೆರೆದ ಜನರ ನಡುವೆಯೇ ಹಾದುಹೋಯಿತು. ಅದು ಸತ್ತದ್ದು ಇನ್ನೈದು ವರ್ಷಗಳ ಅನಂತರ, 1926ರ ಮೇ 2ರಂದು, ಕಾರ್ಬೆಟ್ಟನ ಗುಂಡಿಗೆ. ಪೂರ್ಣಚಂದ್ರ ತೇಜಸ್ವಿಯವರ ಮೂಲಕ ಕನ್ನಡಿಗರ ಮನೆಮಾತಾದ ಬೆಂಗಳೂರಿನ ಕೆನೆತ್ ಆಂಡರ್ಸನ್ನನ ಕಾಡಿನ ಕಥೆಗಳಲ್ಲಿಯೂ, ಯಾರೋ ಕಳ್ಳಬೇಟೆಗಾರನ ನಾಡಕೋವಿಯ ಚಿಲ್ಲರೆ ಗುಂಡುಗಳು ಹುಲಿ ಚಿರತೆಗಳ ಮೈಯಲ್ಲಿ ಉಳಿದು ಊರಿಗೆ ಊರೇ ತಲ್ಲಣಿಸಿದ ಪ್ರಸಂಗಗಳನ್ನು ಓದುಗರು ಬಲ್ಲರು.

ಕಾರ್ಬೆಟ್ಟನ ಕಾಲದಲ್ಲಿ ವ್ಯಕ್ತಿಯ ಮನಸ್ಸಾಕ್ಷಿಗೆ ಬಿಟ್ಟಿದ್ದ ಈ ಕರ್ತವ್ಯವನ್ನು, ಬೇಟೆ ಇಂದಿಗೂ ಜೀವನದ ಭಾಗವಾಗಿರುವ ದೇಶಗಳು ಕ್ರಮೇಣ ಕಾನೂನಿನೊಳಕ್ಕೆ ತಂದಿವೆ. ನಾರ್ವೆಯಲ್ಲಿ ದೊಡ್ಡ ಮೃಗಗಳ ಬೇಟೆಗೆ ಹೋಗುವವನು ವರ್ಷಕ್ಕೊಮ್ಮೆ ಗುರಿಪರೀಕ್ಷೆಯಲ್ಲಿ ತೇರ್ಗಡೆಯಾಗಬೇಕು. ಅಷ್ಟೇ ಅಲ್ಲದೆ, ಗಾಯಗೊಂಡ ಮೃಗದ ಜಾಡು ಹಿಡಿಯಬಲ್ಲ, ಪರೀಕ್ಷೆಯಲ್ಲಿ ಅಂಗೀಕೃತವಾದ ನಾಯಿಯೊಂದು ತನಗೆ ದೊರೆಯುವಂತೆ ಮೊದಲೇ ಏರ್ಪಾಡು ಮಾಡಿಕೊಂಡಿರಬೇಕು. ಸ್ವೀಡನ್ನಿನಲ್ಲಿ ಅಂಥ ನಾಯಿ ಎರಡು ಗಂಟೆಗಳೊಳಗೆ ಸ್ಥಳಕ್ಕೆ ತಲುಪುವಂತಿರಬೇಕೆಂಬುದು ನಿಯಮ. ಜರ್ಮನಿಯಲ್ಲಿ ಈ ಕಾರ್ಯಕ್ಕೆಂದೇ ತಲೆಮಾರುಗಳಿಂದ ಸಾಕಿಕೊಂಡು ಬಂದ ಹ್ಯಾನೋವರ್ ಮತ್ತು ಬವೇರಿಯ ತಳಿಯ ನಾಯಿಗಳಿವೆ. ಇವು ಬೇಟೆಯನ್ನು ಎಬ್ಬಿಸುವ ನಾಯಿಗಳಲ್ಲ. ಉದ್ದನೆಯ ಪಟ್ಟಿಯಲ್ಲಿ ಕಟ್ಟಿಸಿಕೊಂಡು, ಮೂಗು ನೆಲಕ್ಕೆ ಹಚ್ಚಿ, ಮನುಷ್ಯನ ಕಣ್ಣಿಗೆ ಕಾಣದ ಜಾಡನ್ನು ಹಿಡಿದು ನಡೆಯುವಂಥವು, ದಾರಿಯಲ್ಲಿ ಎದ್ದೋಡುವ ಆರೋಗ್ಯವಂತ ಜಿಂಕೆಗಳ ವಾಸನೆಯನ್ನು ಕಡೆಗಣಿಸಲು ಕಲಿತಂಥವು. ನಮ್ಮಲ್ಲಿಯೂ ನಾಯಿಯ ಗೌರವಕ್ಕೆ ಕೊರತೆಯಿರಲಿಲ್ಲ; ಹಂದಿಯೊಡನೆ ಹೋರಾಡಿ ಮಡಿದ ಕಾಳಿಯೆಂಬ ನಾಯಿಯ ಸ್ಮರಣೆಗೆ ಹತ್ತನೆಯ ಶತಮಾನದಲ್ಲಿಯೇ ಆತಕೂರಿನಲ್ಲಿ ಕಲ್ಲು ನಿಂತಿತು. ಆದರೆ ಅದು ಪರಾಕ್ರಮದ ಕಲ್ಲು. ಒಡೆಯನ ಕೈತಪ್ಪನ್ನು ತಿದ್ದುವ ನಾಯಿಯ ಕಲ್ಪನೆ ಬೇರೆಯದು. ಬೇಟೆಗಾರನು ತಪ್ಪುವನೆಂಬುದನ್ನು ಮೊದಲೇ ಒಪ್ಪಿಕೊಂಡು, ತಪ್ಪಿದ ಮೇಲಿನ ಏರ್ಪಾಡನ್ನು ತಪ್ಪುವ ಮೊದಲೇ ಕೇಳುತ್ತದೆಂಬುದು ಈ ಉತ್ತರದೇಶಗಳ ಕಾನೂನಿನ ವಿಶೇಷ.

ಆಫ್ರಿಕದ ದಕ್ಷಿಣ ಭಾಗದಲ್ಲಿ ಬೇರೆ ಪದ್ಧತಿಯಿದೆ. ಹಣ ತೆತ್ತು ಬಂದ ಬೇಟೆಗಾರನ ಗುಂಡಿನಿಂದ ಮೃಗದ ರಕ್ತ ನೆಲಕ್ಕೆ ಬಿದ್ದರೆ ಸಾಕು, ಮೃಗ ಸಿಕ್ಕಲಿ ಸಿಕ್ಕದಿರಲಿ ಅದರ ಪೂರ್ಣ ಶುಲ್ಕವನ್ನು ಕೊಡಬೇಕಾಗುತ್ತದೆ. ಅಲಾಸ್ಕದ ಕೆಲವು ವಲಯಗಳಲ್ಲಿ, ಗಾಯಗೊಂಡು ತಪ್ಪಿಸಿಕೊಂಡ ಕರಡಿಯೂ ಆ ಬೇಟೆಗಾರನ ಪಾಲಿನ ಕರಡಿಯೆಂದೇ ಲೆಕ್ಕಕ್ಕೆ ಸೇರುತ್ತದೆ, ಇನ್ನೊಂದನ್ನು ಹೊಡೆಯುವಂತಿಲ್ಲ. ಇವು ನ್ಯಾಯವಾದ ನಿಯಮಗಳೇ. ಆದರೂ ರಕ್ತದ ತೊಟ್ಟಿಗೆ ಬೆಲೆ ಕಟ್ಟಿ ರಸೀತಿ ಬರೆದ ಮೇಲೆ, ಶುಲ್ಕ ಕೊಟ್ಟವನು ತನ್ನ ಹೊಣೆಯೂ ಸಂದಾಯವಾಯಿತೆಂದು ಭಾವಿಸುವ ಅಪಾಯವಿದೆ. ಜಾಡು ಹುಡುಕುವ ಕಷ್ಟವಾದರೋ ಎಷ್ಟೋ ಸಲ ಸ್ಥಳೀಯ ಜಾಡುಗಾರರ ಪಾಲಿಗೆ ಬರುತ್ತದೆ. ಅಮೆರಿಕದ ಕೊಲರಾಡೊ ಪ್ರಾಂತದ್ದು ಇನ್ನೊಂದು ಬಗೆಯ ಸಮಸ್ಯೆ. ಅಲ್ಲಿ 1978ರಲ್ಲಿ ಹೊರಗಿನಿಂದ ತಂದು ಬಿಟ್ಟ ಮೂಸ್ ಎಂಬ ಭಾರಿ ಗಾತ್ರದ ಜಿಂಕೆ ಚೆನ್ನಾಗಿ ವೃದ್ಧಿಯಾಗಿದ್ದು, ಎಲ್ಕ್ ಎಂಬ ಬೇರೆ ಜಾತಿಯ ಜಿಂಕೆಯ ಬೇಟೆಗೆ ಬಂದವರು ಮುಂಜಾವಿನ ಮಸುಕಿನಲ್ಲಿ ಇದನ್ನೇ ಅದೆಂದು ಹೊಡೆಯುವುದುಂಟು. ತಪ್ಪು ತಿಳಿದೊಡನೆ ತಾನಾಗಿ ಬಂದು ಅಧಿಕಾರಿಗಳಿಗೆ ಹೇಳಿ ಮಾಂಸವನ್ನು ಕೆಡದಂತೆ ಒಪ್ಪಿಸಿದವನನ್ನು ಅಲ್ಲಿನ ಇಲಾಖೆ ಒಂದು ರೀತಿ ನೋಡುತ್ತದೆ, ಸತ್ತ ಮೃಗವನ್ನು ಬಿಟ್ಟು ಓಡಿಹೋದವನನ್ನು ಬೇರೆ ರೀತಿ ನೋಡುತ್ತದೆ.

ತಪ್ಪೊಪ್ಪಿಗೆಯ ಇನ್ನೊಂದು ಸೊಗಸಾದ ಮಾದರಿಯನ್ನು 2012ರಲ್ಲಿ ಸ್ಪೇನಿನ ದೊರೆ ಹ್ವಾನ್ ಕಾರ್ಲೋಸ್ ಒದಗಿಸಿಕೊಟ್ಟರು. ದೇಶ ನಿರುದ್ಯೋಗದಲ್ಲಿ ನರಳುತ್ತಿದ್ದಾಗ ಅವರು ಬೋಟ್ಸ್ವಾನಕ್ಕೆ ಆನೆಬೇಟೆಗೆ ಹೋಗಿ, ಅಲ್ಲಿ ಬಿದ್ದು ಸೊಂಟ ಮುರಿದುಕೊಂಡುದರಿಂದ ಮಾತ್ರ ಸಂಗತಿ ಬಯಲಾಯಿತು. ಏಪ್ರಿಲ್ 18ರಂದು ಆಸ್ಪತ್ರೆಯಿಂದ ಹೊರಬರುತ್ತ, ಬಹಳ ವಿಷಾದವಾಗಿದೆ, ತಪ್ಪು ಮಾಡಿದೆ, ಇನ್ನೊಮ್ಮೆ ಹೀಗಾಗದು ಎಂಬರ್ಥದ ಮೂರು ಚಿಕ್ಕ ಮಾತುಗಳನ್ನಾಡಿದರು. ದೊರೆಗಳು ಕ್ಷಮೆ ಕೇಳುವುದು ಅಪೂರ್ವವಾದುದರಿಂದ ಲೋಕವೆಲ್ಲ ಅದನ್ನು ಕೇಳಿತು. ಆದರೆ ತಪ್ಪು ಯಾವುದು? ಆನೆಯನ್ನು ಕೊಂದದ್ದೆ, ಅಂಥ ಕಾಲದಲ್ಲಿ ಹೋದದ್ದೆ, ಬಿದ್ದದ್ದೆ? ಅದನ್ನು ಅವರು ಬಿಡಿಸಿ ಹೇಳಲಿಲ್ಲ. ವಿಶ್ವ ವನ್ಯಜೀವಿ ನಿಧಿಯ ಸ್ಪೇನ್ ಶಾಖೆ ಅದೇ ವರ್ಷ ಅವರನ್ನು ಗೌರವಾಧ್ಯಕ್ಷ ಸ್ಥಾನದಿಂದ ಬಿಡಿಸಿತು. ಹದಿನೈದು ಎಂಬ ಅಂಕೆಯನ್ನು ಬರೆದಿಟ್ಟವನ ಪುಸ್ತಕದ ಮುಂದೆ ಈ ಮೂರು ವಾಕ್ಯಗಳು ತೀರ ನಯವಾಗಿ ತೋರುತ್ತವೆ.

ಭಾರತದಲ್ಲಿ 1972ರ ವನ್ಯಜೀವಿ ಸಂರಕ್ಷಣಾ ಕಾಯಿದೆ ಮತ್ತು ಅದಕ್ಕೆ 1991ರಲ್ಲಿ ಆದ ತಿದ್ದುಪಡಿಯ ಅನಂತರ, ಹವ್ಯಾಸದ ಬೇಟೆಗೆ ಅವಕಾಶವಿಲ್ಲ. ಮನುಷ್ಯರ ಪ್ರಾಣಕ್ಕೆ ಅಪಾಯಕಾರಿಯಾದ ಹುಲಿಯನ್ನು ಕೊಲ್ಲಲು ರಾಜ್ಯದ ಮುಖ್ಯ ವನ್ಯಜೀವಿ ಪರಿಪಾಲಕರ ಲಿಖಿತ ಅಪ್ಪಣೆ ಬೇಕು; ಹಿಡಿಯಲು ಅಥವಾ ಸ್ಥಳಾಂತರಿಸಲು ಸಾಧ್ಯವಿಲ್ಲವೆಂಬುದು ಅವರಿಗೆ ಮನದಟ್ಟಾಗಿರಬೇಕು. ಹೀಗೆ ಬೇಟೆಯು ವ್ಯಕ್ತಿಯ ಕೈಯಿಂದ ಸರ್ಕಾರದ ಕೈಗೆ ಹೋಯಿತು. ಅದರೊಡನೆ ತಪ್ಪುಗಳೂ ಹೋದವು. ಚೌಗಢದ ಗುಡ್ಡದಲ್ಲಿ ಕಾರ್ಬೆಟ್ಟನನ್ನು ಕಾಡಿದ ಪ್ರಶ್ನೆ, ಅಂದರೆ ಎದುರಿಗಿರುವ ಹುಲಿಯೇ ತಪ್ಪಿತಸ್ಥ ಹುಲಿಯೆ ಎಂಬುದು, ಇಂದು ರಾಷ್ಟ್ರೀಯ ಹುಲಿ ಸಂರಕ್ಷಣಾ ಪ್ರಾಧಿಕಾರದ ಕಾರ್ಯವಿಧಾನದಲ್ಲಿ ನಿಯಮವಾಗಿ ನಿಂತಿದೆ. ಬಣ್ಣ ಗಾತ್ರಗಳ ಮೇಲೆ ತರ್ಕಿಸುವಂತಿಲ್ಲ. ಪ್ರತಿ ಹುಲಿಯ ಪಟ್ಟೆಗಳ ವಿನ್ಯಾಸ ಬೇರೆಬೇರೆಯಾಗಿರುವುದರಿಂದ, ಕ್ಯಾಮೆರಾ ಕಟ್ಟಿ ತೆಗೆದ ಚಿತ್ರಗಳನ್ನು ಹೋಲಿಸಿ, ಹೆಜ್ಜೆಗುರುತುಗಳನ್ನೂ ಇತರ ಕುರುಹುಗಳನ್ನೂ ನೋಡಿ, ಇದೇ ಪ್ರಾಣಿಯೆಂದು ಮೊದಲು ಗುರುತಿಸಬೇಕು. 2019ರ ಅಕ್ಟೋಬರಿನಲ್ಲಿ ಬಂಡೀಪುರದ ಅಂಚಿನ ಹಳ್ಳಿಗಳಲ್ಲಿ ಇಬ್ಬರನ್ನು ಕೊಂದ ಹುಲಿಯನ್ನು ಸಾಕಾನೆಗಳ ನೆರವಿನಿಂದ ಹುಡುಕಿ, ಅರಿವಳಿಕೆ ಕೊಟ್ಟು ಜೀವಸಹಿತ ಹಿಡಿದರು. ಅದಕ್ಕೆ ಹಿಂದಿನ ವರ್ಷ, 2018ರ ನವೆಂಬರ್ 2ರ ರಾತ್ರಿ, ಮಹಾರಾಷ್ಟ್ರದ ಯವತ್ಮಾಳ ಜಿಲ್ಲೆಯಲ್ಲಿ ಅವನಿ ಎಂದು ಹೆಸರಾದ ಎರಡು ಮರಿಗಳ ತಾಯಿಹುಲಿಯನ್ನು ಗುಂಡಿಕ್ಕಿ ಕೊಂದಾಗ ಹೀಗಾಗಲಿಲ್ಲ. ಅರಿವಳಿಕೆಯ ಪ್ರಯತ್ನ ಮೊದಲು ನಡೆಯಬೇಕೆಂಬ ಷರತ್ತು ಪ್ರಾಮಾಣಿಕವಾಗಿ ಪಾಲನೆಯಾಯಿತೆ ಎಂಬ ವಿವಾದ ತಿಂಗಳುಗಟ್ಟಲೆ ನಡೆಯಿತು. ಸಮಿತಿಗಳು ಕುಳಿತವು, ವರದಿಗಳು ಬಂದವು. ಹೊಣೆಯನ್ನು ಅಷ್ಟು ಜನರ ನಡುವೆ ಹಂಚಿದಾಗ ಒಬ್ಬೊಬ್ಬರ ಪಾಲಿಗೆ ಎಷ್ಟು ಬಂದಿತೆಂದು ಹೇಳುವುದು ಸುಲಭವಲ್ಲ.

ಇನ್ನು ನಮ್ಮ ಮಲೆನಾಡು ಕೊಡಗುಗಳ ಕಾಡಂಚಿನಲ್ಲಿ, ನಿಷೇಧವಿದ್ದರೂ ಕದ್ದು ನಡೆಯುವ ಹಂದಿ ಕಡವೆಗಳ ಬೇಟೆಯ ವಿಷಯ. ರಾತ್ರಿಯ ಹೊತ್ತು ಹಣೆಗೆ ಬ್ಯಾಟರಿ ಕಟ್ಟಿಕೊಂಡು ಹೋದ ಗುಂಪಿನಲ್ಲಿ, ಹಳುವಿನ ಅಲುಗಾಟವನ್ನು ಹಂದಿಯೆಂದು ಬಗೆದು ಹಾರಿಸಿದ ಈಡು ಜೊತೆಯವನಿಗೇ ತಾಗಿದ ಸುದ್ದಿಯನ್ನು ಪತ್ರಿಕೆಗಳಲ್ಲಿ ಆಗಾಗ ಓದುತ್ತೇವೆ. ಸರಯೂ ತೀರದ ಪ್ರಮಾದಕ್ಕೂ ಇದಕ್ಕೂ ವ್ಯತ್ಯಾಸವೇನೂ ಇಲ್ಲ: ಕತ್ತಲು, ಸದ್ದು, ಕಾಣದೆ ಬಿಟ್ಟ ಏಟು. ವ್ಯತ್ಯಾಸವಿರುವುದು ಅನಂತರದಲ್ಲಿ. ಗಾಯಗೊಂಡವನನ್ನು ಆಸ್ಪತ್ರೆಗೆ ಹೊತ್ತೊಯ್ದರೆ, ಗುಂಡೇಟಿನ ಗಾಯವಾದುದರಿಂದ ವೈದ್ಯರು ಪೊಲೀಸರಿಗೆ ತಿಳಿಸುತ್ತಾರೆ. ನಡೆದುದನ್ನು ನಡೆದ ಹಾಗೆ ಹೇಳಿದರೆ ಮನುಷ್ಯಹತ್ಯೆಯ ಮೊಕದ್ದಮೆಯೊಡನೆ ವನ್ಯಜೀವಿ ಕಾಯಿದೆಯ ಮೊಕದ್ದಮೆಯೂ, ಪರವಾನಗಿಯಿಲ್ಲದ ಕೋವಿಯಾದರೆ ಮೂರನೆಯದೂ ಸೇರುತ್ತವೆ, ಗುಂಪಿನಲ್ಲಿದ್ದವರೆಲ್ಲರೂ ಸಿಕ್ಕಿಬೀಳುತ್ತಾರೆ. ಆತ್ಮರಕ್ಷಣೆಗಾಗಿ ಕಾಡುಪ್ರಾಣಿಯನ್ನು ಕೊಂದವನಿಗೆ ಆ ಕಾಯಿದೆ ವಿನಾಯಿತಿ ಕೊಡುತ್ತದೆ ನಿಜ. ಆದರೆ ಆ ಹೊತ್ತಿಗೆ ಕಾಯಿದೆಗೆ ವಿರುದ್ಧವಾದ ಕೃತ್ಯದಲ್ಲಿಯೇ ತೊಡಗಿದ್ದವನಿಗೆ ಅದೂ ದೊರೆಯದೆಂದು ಅಲ್ಲಿಯೇ ಹೇಳಿದೆ. ಆದುದರಿಂದ ಎಷ್ಟೋ ಪ್ರಸಂಗಗಳಲ್ಲಿ ಗಂಟೆಗಳು ಸಮಾಲೋಚನೆಯಲ್ಲಿಯೇ ಕಳೆಯುತ್ತವೆ, ರಕ್ತ ಹರಿಯುತ್ತಲೇ ಇರುತ್ತದೆ. ಕೊನೆಗೆ ಊರಿಗೆ ತಿಳಿಯುವ ಮೊದಲ ಕಥೆಯಲ್ಲಿ ಕಾಡೂ ಇಲ್ಲ, ಹಂದಿಯೂ ಇಲ್ಲ, ಮನೆಯ ಜಗಲಿಯಲ್ಲಿ ಕೋವಿ ಒರೆಸುತ್ತಿದ್ದಾಗ ಅಕಸ್ಮಾತ್ತಾಗಿ ಹಾರಿತೆಂದಿರುತ್ತದೆ.